ಐನೂರು ವರ್ಷದ ಮನೆಗೆ ಒಂದು ಸ್ಟಾರ್

ಲಿಫ್ಟ್ ಇಲ್ಲ. ಎಸಿ ಇಲ್ಲ. ನಡೆದರೆ ನೆಲ ಕಿರುಗುಟ್ಟುತ್ತದೆ. ರೂಮಲ್ಲಿ ಬೆಳಕು ಸಾಲದು. ಕೊಟ್ಟ ದುಡ್ಡು ದಂಡ. ಒಂದು ಸ್ಟಾರ್.

ನಿನ್ನೆ ರಾತ್ರಿ ಈ ರಿವ್ಯೂ ಓದಿದಾಗಿನಿಂದ ನನಗೆ ತಲೆ ಕೆಟ್ಟಿದೆ. ಬರೆದವರು ಬೆಂಗಳೂರಿನವರು, ಕನ್ನಡದವರೇ. ಕಳೆದ ವಾರ ಫ್ರಾನ್ಸಿನ ಲ್ವಾರ್ ನದಿ ಕಣಿವೆಯ ಶಿನೋನ್ ಊರಿನ ಹತ್ತಿರ ಒಂದು ಶಾಟೋದಲ್ಲಿ, ಅಂದರೆ ಹಳೇ ಕಾಲದ ಅರಮನೆಯಂಥ ಮನೆಯಲ್ಲಿ, ನಮ್ಮ ಎದುರು ರೂಮಲ್ಲೇ ಇದ್ದರು. ಬೆಳಗಿನ ತಿಂಡಿಗೆ ಒಂದೇ ಮೇಜಿನಲ್ಲಿ ಕೂತು ಊರು, ಮಕ್ಕಳು, ಮಳೆ ಎಲ್ಲ ಮಾತಾಡಿದ್ದೇವೆ. ಒಳ್ಳೆಯ ಜನ. ಅದಕ್ಕೇ ಸಿಟ್ಟು ಇನ್ನೂ ಜಾಸ್ತಿ.

ನನ್ನ ಕೆಲಸ ಹಳೇ ಕಟ್ಟಡಗಳ ರಿಪೇರಿ. ಹಳೇ ಗೋಡೆ, ಸುಣ್ಣದ ಗಾರೆ, ಸೋರುವ ಮಾಡು. ವರ್ಷವಿಡೀ ಇದೇ. "ರಜೆಯಲ್ಲೂ ಅಂಥ ಕಡೆಗೇ ಹೋಗ್ತೀಯಲ್ಲೇ" ಅಂತ ಅಮ್ಮ ಪ್ರತಿ ಸಲ ಬೈಯುತ್ತಾಳೆ. ಹೋಗುತ್ತೇನೆ. ಅಂಥ ಮನೆಯಲ್ಲಿ ಮಲಗಿ ಏಳುವ ಸುಖ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಶಾಟೋ ಅಂದ ತಕ್ಷಣ ಎಲ್ಲರ ಕಣ್ಣಿಗೆ ಬರುವುದು ಶಾಂಬೋರ್. 1519ರಲ್ಲಿ ಒಂದನೇ ಫ್ರಾನ್ಸ್ವಾ ರಾಜ ಕಟ್ಟಿಸಲು ಶುರು ಮಾಡಿದ್ದು, ನಾನೂರಕ್ಕೂ ಹೆಚ್ಚು ಕೋಣೆ, 1930ರಿಂದ ಸರ್ಕಾರದ ಆಸ್ತಿ, ಬಾಗಿಲಲ್ಲಿ ಟಿಕೆಟ್ ಕ್ಯೂ. ಅದರ ಚಿಂತೆ ನನಗಿಲ್ಲ, ಅದನ್ನು ನೋಡಿಕೊಳ್ಳುವವರಿದ್ದಾರೆ. ನಾನು ಹೇಳುತ್ತಿರುವುದು ಲ್ವಾರ್ ಕಣಿವೆಯ ಹಳ್ಳಿಗಳಲ್ಲಿ ದ್ರಾಕ್ಷಿ ತೋಟದ ನಡುವೆ ನಿಂತಿರುವ ಸಣ್ಣ ಶಾಟೋಗಳ ಬಗ್ಗೆ. ಒಂದು ಮೆಟ್ಟಿಲ ಗೋಪುರ, ಉದ್ದಕ್ಕೆ ಎರಡು ಅಂತಸ್ತಿನ ಮನೆ, ಹಿಂದೆ ಪಾಳುಬಿದ್ದ ಕುದುರೆ ಲಾಯ. ಒಳಗೆ ಒಂದು ಸಂಸಾರ ವಾಸವಿರುತ್ತದೆ. ಐದು ರೂಮು ಅತಿಥಿಗಳಿಗೆ. ಐದೇ ಯಾಕೆ ಅಂದರೆ, ಫ್ರಾನ್ಸಿನಲ್ಲಿ ತಮ್ಮ ಮನೆಯಲ್ಲೇ ರೂಮು ಬಾಡಿಗೆಗೆ ಕೊಡುವವರಿಗೆ ಐದು ರೂಮು, ಹದಿನೈದು ಜನ ಅನ್ನುವ ಮಿತಿ ಇದೆ. ಆ ಐದು ರೂಮಿನ ದುಡ್ಡಲ್ಲಿ ಇಡೀ ಮನೆ ನಿಲ್ಲಬೇಕು.

ಈಗ ಲಿಫ್ಟಿನ ವಿಷಯ. ಎಲ್ಲಿ ಹಾಕಬೇಕು ಹೇಳಿ? ಗೋಪುರದ ಒಳಗೆ ಸುರುಳಿ ಮೆಟ್ಟಿಲಿದೆ. ಒಂದೊಂದು ಮೆಟ್ಟಿಲೂ ಒಂದೇ ಕಲ್ಲು. ಕಲ್ಲಿನ ಒಳತುದಿಗಳೇ ಒಂದರ ಮೇಲೊಂದು ಕೂತು ನಡುವಿನ ಕಂಬ ಆಗಿವೆ. ಪ್ರತಿ ಮೆಟ್ಟಿಲೂ ಕಾಲಿಟ್ಟೂ ಇಟ್ಟೂ ನಡುವೆ ತಗ್ಗಾಗಿದೆ, ಕತ್ತಲಲ್ಲಿ ಹತ್ತಿದರೂ ಪಾದ ತಾನಾಗಿ ಆ ತಗ್ಗಿಗೇ ಹೋಗುತ್ತದೆ. ಲಿಫ್ಟ್ ಬೇಕಾದರೆ ಅದನ್ನು ಒಡೆಯಬೇಕು. ಮನಸ್ಸಿದ್ದರೂ ಸುಮ್ನೆ ಒಡೆಯುವ ಹಾಗಿಲ್ಲ. 1913ರ ಕಾನೂನಿನಡಿ ಆ ಮನೆ ಚಾರಿತ್ರಿಕ ಕಟ್ಟಡಗಳ ಪಟ್ಟಿಯಲ್ಲಿದೆ, ಒಂದು ಕಿಟಕಿ ಬದಲಿಸುವುದಕ್ಕೂ ಇಲಾಖೆಯ ಒಪ್ಪಿಗೆ ಬೇಕು.

ಆ ಕಲ್ಲಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ತುಫೋ ಅನ್ನುತ್ತಾರೆ. ಬಿಳಿ ಸುಣ್ಣಕಲ್ಲು, ಉಗುರಲ್ಲಿ ಗೀರಿದರೆ ಪುಡಿ ಉದುರುತ್ತದೆ, ಅಷ್ಟು ಮೆದು. ಲ್ವಾರ್ ಕಣಿವೆಯ ಚೆಂದವೆಲ್ಲ ಈ ಕಲ್ಲಿನದೇ. ಅಲ್ಲೇ ಗುಡ್ಡದಿಂದ ಅಗೆದು ಮನೆ ಕಟ್ಟಿದರು, ಅಗೆದ ಗವಿಗಳು ವೈನ್ ಇಡುವ ನೆಲಮಾಳಿಗೆ ಆದವು. ಈ ಕಲ್ಲಿನ ತುಂಬ ಸಣ್ಣ ಸಣ್ಣ ರಂಧ್ರ. ನೀರು ಹೀರುತ್ತದೆ, ಆಮೇಲೆ ಗಾಳಿಗೆ ಬಿಡುತ್ತದೆ. ಸುಣ್ಣದ ಗಾರೆ ಇದ್ದರೆ ಏನೂ ತೊಂದರೆಯಿಲ್ಲ. ಯಾರೋ ಅವಸರದಲ್ಲಿ ಸಿಮೆಂಟ್ ಮೆತ್ತಿದರು ಅಂತಿಟ್ಟುಕೊಳ್ಳಿ, ನೀರು ಒಳಗೇ ಸಿಕ್ಕಿಕೊಳ್ಳುತ್ತದೆ, ಕಲ್ಲಿನ ಮುಖ ಪದರ ಪದರವಾಗಿ ಕಳಚಿ ಬೀಳುತ್ತದೆ. ನಾನು ದಿನಾ ನೋಡುವ ಸಂಕಟ ಇದು. ಹೊಸ ಬಾತ್‌ರೂಮ್, ಹೊಸ ಟೈಲ್ಸ್, ಹೊಸ ಪೈಪು ಅಂತ ಅತಿಥಿಗಳನ್ನು ಖುಷಿಪಡಿಸಲು ಹೋಗಿ ಗೋಡೆಯನ್ನೇ ಕೊಂದ ಮನೆಗಳಿಗೆ ಆಮೇಲೆ ನಮ್ಮಂಥವರು ಹೋಗುತ್ತೇವೆ.

ರೂಮಲ್ಲಿ ಕತ್ತಲೆ ಅಂತ ಬರೆದಿದ್ದಾರಲ್ಲ, ಅವರ ರೂಮಿನ ಎರಡು ಕಿಟಕಿಯಲ್ಲಿ ಒಂದನ್ನು ಕಲ್ಲು ಕಟ್ಟಿ ಮುಚ್ಚಲಾಗಿದೆ. ಹೊರಗಿನಿಂದ ನೋಡಿದರೆ ಚೌಕಟ್ಟು ಹಾಗೇ ಕಾಣುತ್ತದೆ. 1798ರಿಂದ 1926ರವರೆಗೆ ಫ್ರಾನ್ಸಿನಲ್ಲಿ ಬಾಗಿಲು, ಕಿಟಕಿ ಲೆಕ್ಕ ಹಾಕಿ ತೆರಿಗೆ ವಸೂಲಿ ಮಾಡುತ್ತಿದ್ದರು. ಆ ತೆರಿಗೆ ತಪ್ಪಿಸಲು ಮುಚ್ಚಿದ ಕಿಟಕಿ ಅದು. ಮನೆಯೊಡತಿ ಇದನ್ನು ತಿಂಡಿ ಹೊತ್ತಲ್ಲಿ ಎಲ್ಲರಿಗೂ ಹೇಳಿದರು, ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಿದರು ಕೂಡ. ಅಷ್ಟು ಕೇಳಿಯೂ "ಬೆಳಕು ಸಾಲದು" ಅಂತ ಬರೆಯಲು ಹೇಗೆ ಮನಸ್ಸು ಬರುತ್ತದೆ?

ಇನ್ನು ಸೆಕೆ. ಆಗಸ್ಟ್ ತಿಂಗಳು, ಹೊರಗೆ ಬಿಸಿಲು ಸುಡುತ್ತಿತ್ತು, ಸುಳ್ಳಲ್ಲ. ಆದರೆ ಆ ಮನೆಗೆ ಅದರದೇ ಉಪಾಯ ಇದೆ. ರಾತ್ರಿ ಕಿಟಕಿ ತೆರೆದಿಡಬೇಕು. ಬೆಳಗ್ಗೆ ಬಿಸಿಲೇರುವ ಮೊದಲು ಹೊರಗಿನ ಮರದ ಕದ ಮುಚ್ಚಬೇಕು. ದಪ್ಪ ಗೋಡೆ ರಾತ್ರಿಯ ತಂಪನ್ನು ಸಂಜೆವರೆಗೂ ಹಿಡಿದಿಡುತ್ತದೆ. ಮನೆಯೊಡತಿ ದಿನಾ ಬೆಳಗ್ಗೆ ಒಂದೊಂದೇ ಕದ ಮುಚ್ಚಿಕೊಂಡು ಬರುತ್ತಿದ್ದರು. ರಿವ್ಯೂ ಬರೆದ ಇವರು ದ್ರಾಕ್ಷಿ ತೋಟದ ಫೋಟೊ ತೆಗೆಯಬೇಕು ಅಂತ ಮಟಮಟ ಮಧ್ಯಾಹ್ನ ಎಲ್ಲ ತೆರೆದು, ಹಾಗೇ ಬಿಟ್ಟು ತಿರುಗಾಡಲು ಹೋದರು. ಸಂಜೆ ಬಂದು ನನ್ನ ಹತ್ತಿರ, "ಮೇಡಂ, ಇಷ್ಟು ದುಡ್ಡು ಕೊಟ್ಟೂ ಒಂದು ಎಸಿ ಇಲ್ಲ ಅಂದ್ರೆ ಹೇಗೆ?" ನಾನು ಕದದ ವಿಷಯ ಹೇಳಿದೆ. "ಅದೆಲ್ಲ ನಾವು ಮಾಡಬೇಕಾ? ನಾವು ಗೆಸ್ಟ್ ಅಲ್ವಾ?" ಅಂದರು.

ಈ ಮಾತೇ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿರುವುದು. ಗೆಸ್ಟ್ ಹೌದು. ಅದಕ್ಕೇ ತಾನೇ ಆ ಮನೆಯ ರೀತಿಗೆ ನಾಲ್ಕು ದಿನ ಹೊಂದಿಕೊಳ್ಳಬೇಕಾದದ್ದು? ಯಾರದೋ ಮನೆಗೆ ಹೋಗಿ ಗೋಡೆ ಒಡೆಯಿರಿ, ಮೆಟ್ಟಿಲು ತೆಗೆಯಿರಿ ಅಂತ ಹೇಳುವವರನ್ನು ನಮ್ಮೂರಲ್ಲಿ ಏನು ಅನ್ನುತ್ತಾರೆ?

ವಯಸ್ಸಾದವರು, ಮಂಡಿನೋವಿನವರು ಏನು ಮಾಡಬೇಕು ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದಕ್ಕೆಂದೇ ಕೆಳಗಡೆ ಹಳೇ ಅಡುಗೆಮನೆ ಪಕ್ಕ ಮೆಟ್ಟಿಲಿಲ್ಲದ ಒಂದು ರೂಮಿದೆ, ಬುಕಿಂಗ್ ಪುಟದಲ್ಲಿ ಸ್ಪಷ್ಟವಾಗಿ ಬರೆದಿದೆ. ಇವರಿಬ್ಬರಿಗೂ ನಲವತ್ತು ದಾಟಿಲ್ಲ, ಗೋಪುರದ ರೂಮೇ ಬೇಕು ಅಂತ ಕೇಳಿ ತೆಗೆದುಕೊಂಡಿದ್ದರು. ಅದೇ ದುಡ್ಡಿಗೆ ಹತ್ತಿರದ ತೂರ್ ಪಟ್ಟಣದಲ್ಲಿ ಲಿಫ್ಟು, ಎಸಿ ಎರಡೂ ಇರುವ ಹೋಟೆಲ್ ಸಿಗುತ್ತದೆ ಅನ್ನುವ ವಾದವೂ ಇದೆ. ಸಿಗುತ್ತದೆ. ಅಲ್ಲಿಗೇ ಹೋಗಿ.

ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ಕೇಳುವವರು ಒಮ್ಮೆ ತಲೆ ಎತ್ತಿ ಮಾಡು ನೋಡಬೇಕು. ಆ ಕಡೆಯ ಮನೆಗಳಿಗೆಲ್ಲ ಹೊದಿಸುವುದು ಕಪ್ಪು ಸ್ಲೇಟ್ ಕಲ್ಲು. ಅಂಜೆ ಊರಿನ ಪಕ್ಕದ ತ್ರೆಲಾಜೆಯಲ್ಲಿ ಶತಮಾನಗಳಿಂದ ತೆಗೆಯುತ್ತಿದ್ದರು. 2013ರಲ್ಲಿ ಆ ಗಣಿ ಮುಚ್ಚಿತು. ಈಗ ಹೆಚ್ಚಾಗಿ ಸ್ಪೇನಿನ ಕಲ್ಲು ತರಿಸಬೇಕು, ಒಂದೊಂದನ್ನೂ ಕೈಯಲ್ಲಿ ಕೂರಿಸುವ ಕೆಲಸಗಾರರು ಬೇಕು. ಜೊತೆಗೆ ಆಸ್ತಿ ಪಾಲಿನ ತಲೆನೋವು. ಫ್ರೆಂಚ್ ಕ್ರಾಂತಿಯ ಕಾಲಕ್ಕೇ ಹಿರಿಮಗನಿಗೇ ಮನೆ ಅನ್ನುವ ಪದ್ಧತಿ ಹೋಯಿತು, 1804ರ ಸಿವಿಲ್ ಕೋಡ್ ಎಲ್ಲ ಮಕ್ಕಳ ಪಾಲನ್ನೂ ಗಟ್ಟಿ ಮಾಡಿತು. ಅದು ಆಗಬೇಕಾದದ್ದೇ. ಆದರೆ ಮನೆ ಉಳಿಸಿಕೊಳ್ಳಬೇಕು ಅನ್ನುವವರು ಒಡಹುಟ್ಟಿದವರ ಪಾಲಿಗೆ ಸಾಲ ಮಾಡಬೇಕು. ಈ ಮನೆಯೊಡತಿ ಅದನ್ನೇ ಮಾಡಿದ್ದಾರೆ. ಬೆಳಗ್ಗೆ ಆರಕ್ಕೆ ಎದ್ದು ತಾವೇ ಹಾಸಿಗೆ ಬಟ್ಟೆ ಒಗೆಯುತ್ತಾರೆ, ತಮ್ಮ ತೋಟದ ಹಣ್ಣಿನ ಜ್ಯಾಮ್ ತಾವೇ ಮಾಡುತ್ತಾರೆ. ಇಂಥವರಿಗೆ ಒಂದು ಸ್ಟಾರ್.

ಅಲ್ಲಿಂದ ಸ್ವಲ್ಪ ದೂರದಲ್ಲಿ ಲಾ ಮೋತ್-ಶಾಂದನಿಯೇ ಅಂತ ಒಂದು ಶಾಟೋ ಇದೆ. 1932ರಲ್ಲಿ ಬೆಂಕಿಗೆ ಸುಟ್ಟು ಹೋಗಿ, ಮಾಡಿಲ್ಲದೆ, ಒಳಗೆಲ್ಲ ಮರ ಬೆಳೆದು ನಿಂತಿತ್ತು. 2017ರಲ್ಲಿ ಲೋಕದ ಮೂಲೆ ಮೂಲೆಯ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಆನ್‌ಲೈನಲ್ಲಿ ಚಂದಾ ಹಾಕಿ ಅದನ್ನು ಕೊಂಡರು. ಮಲಗಲು ಒಂದು ರೂಮೂ ಇಲ್ಲದ ಪಾಳುಮನೆಗೆ ಅಷ್ಟು ಜನ ದುಡ್ಡು ಕೊಟ್ಟರು. ನೆನೆದರೆ ಈಗಲೂ ನನಗೆ ಕಣ್ಣು ತುಂಬುತ್ತದೆ.

ನನಗೇಕೆ ಇಷ್ಟು ಉರಿ ಅಂದರೆ, ಇದನ್ನು ಊರಲ್ಲೂ ನೋಡಿದ್ದೇನೆ. ತೀರ್ಥಹಳ್ಳಿ ಕಡೆ ನಮ್ಮ ಬಂಧುಗಳ ತೊಟ್ಟಿ ಮನೆ ಹೋಂಸ್ಟೇ ಆಯಿತು. ಬಂದವರೆಲ್ಲ ನೆಲ ಹಳೇದು, ಮಾಡು ತಗ್ಗು, ಬಚ್ಚಲು ದೂರ ಅಂದರು. ಚಿಕ್ಕಪ್ಪ ಪಾಪ, ಕನ್ನಡಿಯ ಹಾಗೆ ಹೊಳೆಯುತ್ತಿದ್ದ ಕೆಂಪು ನೆಲ ಅಗೆಸಿ ಟೈಲ್ಸ್ ಹಾಕಿಸಿದರು, ತೊಟ್ಟಿಗೆ ಶೀಟು ಹೊದಿಸಿದರು. ಈಗ ಬರುವವರು "ಹಳೇ ಮನೆ ಅಂದ್ರಿ, ಹಳೇದೇನೂ ಕಾಣ್ತಿಲ್ವಲ್ಲ" ಅಂತ ಮುಖ ಸಿಂಡರಿಸಿ ಹೋಗುತ್ತಾರೆ.

ಶಿನೋನ್ ಮನೆಯೊಡತಿ ಇವತ್ತು ನನಗೆ ಮೆಸೇಜ್ ಮಾಡಿದ್ದರು. ರಿವ್ಯೂ ನೋಡಿದ್ದಾರೆ. ಗೋಪುರದ ರೂಮಿಗೆ ಎಸಿ ಹಾಕಿಸಿದರೆ ಗೋಡೆಗೆ ಏನಾಗುತ್ತದೆ ಅಂತ ಕೇಳಿದ್ದಾರೆ. ಬೇಡವೇ ಬೇಡ ಅಂತ ಉದ್ದಕ್ಕೆ ಬರೆದು ಕಳಿಸಿದ್ದೇನೆ. ಐದು ಸ್ಟಾರಿನ ರಿವ್ಯೂ ಕೂಡ ಹಾಕಿದ್ದೇನೆ, ಕದ ಮುಚ್ಚುವ ವಿಧಾನ ಸಮೇತ.

ಸೆಪ್ಟೆಂಬರ್ ಮೂರನೇ ವಾರಾಂತ್ಯ ಇಲ್ಲಿ ಫ್ರಾನ್ಸಿನಲ್ಲಿ ಪರಂಪರೆಯ ದಿನಗಳು, 1984ರಿಂದ ಪ್ರತಿ ವರ್ಷ ನಡೆಯುತ್ತವೆ. ಬೇರೆ ದಿನ ಮುಚ್ಚಿರುವ ಎಷ್ಟೋ ಮನೆಗಳನ್ನು ಜನರಿಗೆ ತೆರೆಯುತ್ತಾರೆ. ಶಿನೋನ್ ಮನೆಯೊಡತಿ ಅಟ್ಟ ಹತ್ತಿಸಿ ಓಕ್ ಮರದ ತೊಲೆಕಟ್ಟು ತೋರಿಸುತ್ತಾರಂತೆ. ನಾನು ಹೋಗುತ್ತಿದ್ದೇನೆ. ಪ್ಯಾರಿಸ್, ನಾಂತ್ ಕಡೆಯ ಕನ್ನಡದವರು ಯಾರಾದರೂ ಬರುವುದಿದ್ದರೆ ಮೆಸೇಜ್ ಮಾಡಿ, ಕಾರಲ್ಲಿ ಮೂರು ಜನಕ್ಕೆ ಜಾಗ ಇದೆ.