ನಮೂನೆಯಲ್ಲಿ ಸಾಲಿಲ್ಲದ ವರ

ಯಾರಿಗೆ ಯಾವ ಆತ್ಮಿಕ ವರ, ಅಂದರೆ ಸಭೆಯ ಸೇವೆಗೆಂದು ದೇವರು ಕೊಟ್ಟ ಸಾಮರ್ಥ್ಯ, ಇದೆಯೆಂದು ತಿಳಿಯಲು ನಮ್ಮ ಕ್ರೈಸ್ತ ಸಭೆಯಲ್ಲಿ ಕಳೆದ ವರ್ಷ ಒಂದು ನಮೂನೆ ಹಂಚಿದೆವು. ಅದರಲ್ಲಿ ಪ್ರಸಂಗ, ಹಾಡು, ವಾದ್ಯ, ಭಾನುವಾರ ಶಾಲೆ, ಪ್ರಾರ್ಥನೆ ಎಂದು ಐದು ಸಾಲುಗಳಿದ್ದವು. ತಯಾರಿಸಿದ ಸಮಿತಿಯಲ್ಲಿ ನಾನೂ ಇದ್ದೆ, ಚಕಾರವೆತ್ತದೆ ಒಪ್ಪಿದ್ದೆ. ತುಂಬಿಸಿ ಕೊಟ್ಟವರಲ್ಲಿ ಹೆಚ್ಚಿನವರು ಮೊದಲೇ ಮೈಕಿನ ಮುಂದೆ ನಿಲ್ಲುತ್ತಿದ್ದವರು. ಉಳಿದವರು ಖಾಲಿ ಹಾಳೆಯನ್ನು ಹಾಡಿನ ಪುಸ್ತಕದೊಳಗೆ ಮಡಚಿಟ್ಟುಕೊಂಡು ಮನೆಗೆ ಹೋದರು.

ಹಾಗೆ ಹೋದವರಲ್ಲಿ ಹಿಂದಿನ ಬೆಂಚಿನ ಅಕ್ಕನೂ ಒಬ್ಬರು. ನಮ್ಮ ಕಾಸರಗೋಡಿನ ಕಡೆ ಆರಾಧನೆ ಕನ್ನಡದಲ್ಲಿ, ಮನೆಮಾತು ತುಳು, ಎಷ್ಟೋ ಮಕ್ಕಳ ಶಾಲೆ ಮಲಯಾಳದಲ್ಲಿ. ಪ್ರಸಂಗದ ಗ್ರಾಂಥಿಕ ಕನ್ನಡ ಹತ್ತದ ಅಜ್ಜಿಯೊಬ್ಬರ ಪಕ್ಕದಲ್ಲಿ ಕೂತು, ಸಭಾಪಾಲಕರು ಉಸಿರೆಳೆದುಕೊಳ್ಳುವಷ್ಟು ಹೊತ್ತಿನಲ್ಲಿ, ಈ ಅಕ್ಕ ಅದರ ಸಾರವನ್ನು ತುಳುವಿನಲ್ಲಿ ಪಿಸುಗುಡುತ್ತಾರೆ. ಕನ್ನಡ ಓದಲು ಬಾರದ ಮಕ್ಕಳಿಗಾಗಿ ಅವರು ಹಾಡುಗಳನ್ನು ಮಲಯಾಳ ಲಿಪಿಯಲ್ಲಿ ಬರೆದಿಟ್ಟ ನೋಟ್ ಪುಸ್ತಕವನ್ನು ನಾನು ನೋಡಿದ್ದೇನೆ. ಮಲಯಾಳದಂತೆ ಓದಿದರೆ ಉಚ್ಚಾರ ಜಾರುವ ಅಕ್ಷರಗಳ ಕೆಳಗೆಲ್ಲ ಕೆಂಪು ಗೆರೆ. ಇದೂ ಒಂದು ವರವಲ್ಲವೇ ಎಂದು ಕೇಳಿದ್ದಕ್ಕೆ ಅವರು, "ಅದೆಂತ ವರ ಮಾರಾಯ, ಅಜ್ಜಿಗೆ ಅರ್ಥ ಆಗ್ಬೇಕಲ್ಲ" ಎಂದರು.

ಬೈಬಲಿನಲ್ಲಿ ಅಪೊಸ್ತಲ ಪೌಲನು ಕೊರಿಂಥದ ಸಭೆಯವರಿಗೆ ಬರೆದ ಮೊದಲ ಪತ್ರಿಕೆಯ 14ನೆಯ ಅಧ್ಯಾಯದ ವಾದವೂ ಬಹುಮಟ್ಟಿಗೆ ಇದೇ. ಅನ್ಯಭಾಷೆಯ ಹತ್ತು ಸಾವಿರ ಮಾತುಗಳಿಗಿಂತ ಅರ್ಥವಾಗುವ ಐದು ಮಾತು ಲೇಸು, ಅರ್ಥ ಹೇಳುವವನಿಲ್ಲದಿದ್ದರೆ ಮಾತಾಡುವವನು ಸಭೆಯಲ್ಲಿ ಸುಮ್ಮನಿರಲಿ ಎನ್ನುತ್ತಾನೆ. ಅವನು ಹೇಳುತ್ತಿದ್ದುದು ಪವಿತ್ರಾತ್ಮಪ್ರೇರಿತವಾದ, ಕೇಳುವವರಿಗೆ ಅರ್ಥವಾಗದ ವಾಣಿಗಳ ಕುರಿತು, ನಮ್ಮ ತುಳು-ಕನ್ನಡದ ಕುರಿತಲ್ಲವೆಂಬುದು ನನಗೆ ತಿಳಿದಿದೆ. ಆದರೂ ಅಳತೆಗೋಲು ಒಂದೇ: ಕೇಳಿದವನಿಗೆ ಏನು ದಕ್ಕಿತು? ನಮ್ಮ ಸತ್ಯವೇದದಲ್ಲಿ ಅಲ್ಲಿ 'ಭಕ್ತಿವೃದ್ಧಿ' ಎಂದಿರುವ ಕಡೆ ಗ್ರೀಕಿನಲ್ಲಿರುವುದು 'ಒಯ್ಕೊದೊಮೆ', ಅಂದರೆ ಮನೆ ಕಟ್ಟುವ ಕೆಲಸ. ಭಕ್ತಿವೃದ್ಧಿಯೆಂದಾಗ ಒಬ್ಬನೇ ಕಣ್ಣುಮುಚ್ಚಿ ಕೂತ ಚಿತ್ರ ಬರುತ್ತದೆ. ಮನೆ ಕಟ್ಟುವುದೆಂದರೆ ಕಲ್ಲು ಹೊರುವವನೂ ಬೇಕು, ಗಾರೆ ಕಲಸುವವನೂ ಬೇಕು.

ಅದೇ ಪತ್ರಿಕೆಯ 12ನೆಯ ಅಧ್ಯಾಯದ 28ನೆಯ ವಚನದ ಪಟ್ಟಿಯಲ್ಲಿ ಗುಣಮಾಡುವ ವರಕ್ಕೂ ವಾಣಿಗಳಿಗೂ ನಡುವೆ ಪರರಿಗೆ ನೆರವಾಗುವುದು ಮತ್ತು ಆಡಳಿತ ಬಂದಿವೆ. ಆಡಳಿತಕ್ಕೆ ಪೌಲನು ಬಳಸಿದ್ದು ಹಡಗಿನ ಚುಕ್ಕಾಣಿ ಹಿಡಿಯುವುದಕ್ಕೆ ಸಂಬಂಧಪಟ್ಟ ಪದ. ಬಂದರುಗಳ ನಡುವೆ ಬದುಕಿದ್ದ ಕೊರಿಂಥದವರಿಗೆ ಅದನ್ನು ವಿವರಿಸಬೇಕಾಗಿರಲಿಲ್ಲ. ಕಾಣಿಕೆಯ ಲೆಕ್ಕವನ್ನು ರೂಪಾಯಿ ತಪ್ಪದಂತೆ ಬರೆದಿಡುವವರನ್ನು ನಾವು ವರವುಳ್ಳವರೆಂದು ಕರೆದದ್ದುಂಟೇ? ಹಾಗೆಂದು ಎಲ್ಲ ಜಾಣ್ಮೆಯನ್ನೂ ವರವೆನ್ನುವವನು ನಾನಲ್ಲ. ಒಳ್ಳೆಯ ಕಂಠವಿದ್ದೂ ಉಳಿದವರು ದನಿಗೂಡಿಸಲಾಗದಷ್ಟು ಮೇಲಿನ ಶ್ರುತಿಯಲ್ಲಿ ಹಾಡುವುದನ್ನು ನಾವೆಲ್ಲ ಕೇಳಿದ್ದೇವೆ.

ಕೇಳುವವರ ನುಡಿಗೆ ಇಳಿಯುವುದು ಕರಾವಳಿಯ ಸಭೆಗಳಿಗೆ ಹೊಸದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಪಾದ್ರಿಗಳು ತುಳುವಿನ ಹೊಸ ಒಡಂಬಡಿಕೆಯನ್ನು ಕನ್ನಡ ಲಿಪಿಯಲ್ಲಿ 1847ರ ಹೊತ್ತಿಗೇ ಅಚ್ಚು ಹಾಕಿಸಿದ್ದರು. ಅಕ್ಕನ ನೋಟ್ ಪುಸ್ತಕ ಅದೇ ಕೆಲಸದ ಮುಂದುವರಿಕೆಯೆಂದರೆ ಅವರು ನಕ್ಕಾರು.

ಈಗ ಅಕ್ಕನಿಗೆ ಮಂಡಿನೋವು, ಮಳೆಗಾಲದಲ್ಲಿ ಬರುವುದೇ ಕಷ್ಟ. ಅವರು ಬಾರದ ಭಾನುವಾರ ಅಜ್ಜಿ ಪ್ರಸಂಗದುದ್ದಕ್ಕೂ ಕಿಟಕಿಯಾಚೆ ನೋಡುತ್ತಾ ಕೂತಿದ್ದರು. ದೇವಜನರನ್ನು ಸೇವೆಗೆ ಸಿದ್ಧಪಡಿಸಬೇಕೆಂದು ಎಫೆಸದವರಿಗೆ ಬರೆದ ಪತ್ರಿಕೆಯಲ್ಲಿರುವುದನ್ನು ನಾವು ಪ್ರಸಂಗಿಗಳ ತರಬೇತಿಗಷ್ಟೇ ಅನ್ವಯಿಸುತ್ತಾ ಬಂದಿದ್ದೆವು. ಈ ಸಲ ನಮೂನೆಯನ್ನು ಬದಿಗಿಟ್ಟು ಅಕ್ಕನ ಬಳಿ ಇಬ್ಬರು ಹುಡುಗಿಯರನ್ನು ಕೂರಿಸಿದ್ದೇವೆ. ಮೊದಲ ವಾರ ಅವರಲ್ಲೊಬ್ಬಳ ಪಿಸುಮಾತು ಎಷ್ಟು ಜೋರಾಯಿತೆಂದರೆ, ಸಭಾಪಾಲಕರು ಪ್ರಸಂಗ ನಿಲ್ಲಿಸಿ, ಅವಳು ಆ ವಾಕ್ಯವನ್ನು ತುಳುವಿನಲ್ಲಿ ಮುಗಿಸುವ ತನಕ ಕಾದರು.