ಸಂಬಳದ ಮೇಲೆ ಹೆಸರು ಬರೆಸೋಕಾಗಲ್ಲ

ನಮ್ಮ ಕಡೆ ಧರ್ಮದತ್ತಿ ಟ್ರಸ್ಟ್ ಇಲ್ಲದ ಊರಿಲ್ಲ. ಮಠದ್ದೋ, ದೇವಸ್ಥಾನದ್ದೋ, ಹಿಂದೆ ಮಂಡಿ ವ್ಯಾಪಾರ ಮಾಡಿದವರು ತಂದೆತಾಯಿ ಹೆಸರಲ್ಲಿ ಬರೆದಿಟ್ಟದ್ದೋ, ಒಟ್ಟಿನಲ್ಲಿ ಒಂದು ಇದ್ದೇ ಇರುತ್ತದೆ. ಅದಕ್ಕೊಂದು ಕಲ್ಯಾಣ ಮಂಟಪ, ಒಂದಷ್ಟು ಮಳಿಗೆ ಬಾಡಿಗೆ, ಬ್ಯಾಂಕಿನಲ್ಲಿ ಠೇವಣಿ. ವರ್ಷಕ್ಕೊಮ್ಮೆ ಊರಿನ ಸಣ್ಣಪುಟ್ಟ ಸಂಘಗಳಿಗೆ ಸಹಾಯಧನ ವಿತರಣೆ. ಹೆಸರು ಹೇಳುವುದು ಬೇಡ. ನಿಮ್ಮೂರಿನದೇ ಅಂದುಕೊಳ್ಳಿ, ಅಷ್ಟೇನೂ ತಪ್ಪಾಗುವುದಿಲ್ಲ.

ಇಂಥ ಟ್ರಸ್ಟ್ ಇಷ್ಟು ವರ್ಷ ಏನೇನು ದಾನ ಮಾಡಿದೆ ಅಂತ ತಿಳಿಯಲು ವಾರ್ಷಿಕ ವರದಿ ಓದುವ ಕಷ್ಟ ಯಾಕೆ? ವಿಶೇಷ ಮಕ್ಕಳಿಗೆಂದು ನಡೆಯುತ್ತಿರುವ ಒಂದು ಶಾಲೆಗೆ ಹೋಗಿ ನಿಂತರೆ ಸಾಕು. ಬಾಗಿಲ ಪಕ್ಕ ಸ್ಟೀಲ್ ಬೀರು, ಅದರ ಮೇಲೆ ಕೆಂಪು ಪೇಂಟಿನಲ್ಲಿ ಟ್ರಸ್ಟಿನ ಹೆಸರು. ಪಕ್ಕದಲ್ಲಿ ಇನ್ನೊಂದು ಬೀರು, ಮರುವರ್ಷದ್ದು. ಮೂರನೆಯದು ಅಡುಗೆಮನೆಯಲ್ಲಿ, ಇಡಲು ಬೇರೆ ಜಾಗವಿಲ್ಲ. ಮೊದಲ ಬೀರುವಿನಲ್ಲಿ ಹಾಜರಿ ಪುಸ್ತಕ, ಎರಡನೆಯದರಲ್ಲಿ ಹಳೇ ಶಾಲುಗಳು. ಮೂರನೆಯದರ ಕೀಲಿ ಕಳೆದು ಎಷ್ಟೋ ಕಾಲವಾಗಿದೆ, ಯಾರೂ ಹುಡುಕಿಲ್ಲ. ನೀರಿನ ಫಿಲ್ಟರ್ ಮೇಲೆ ಹೆಸರು. ಬೆಂಚಿನ ಬೆನ್ನಿಗೆ ಹೆಸರು. ಫ್ಯಾನಿನ ಮೂರೂ ರೆಕ್ಕೆಗೆ ಹೆಸರು. ಇದನ್ನು ಓದಬೇಕಾದರೆ ಮಾತ್ರ ಕರೆಂಟ್ ಹೋಗಬೇಕು. ಹೋಗುತ್ತದೆ ಬಿಡಿ. ಬಿಲ್ ಕಟ್ಟಲು ಯಾರೂ ದಾನ ಕೊಡುವುದಿಲ್ಲವಲ್ಲ.

ಶಾಲೆಗೆ ಬೇಕಾಗಿರುವುದು ಏನು? ಟೀಚರ್. ಮಾತು ಬಾರದ ಮಗುವಿನ ಎದುರು ಕೂತು, ಒಂದು ಚಮಚ ಹಿಡಿಯುವುದನ್ನು ತಿಂಗಳುಗಟ್ಟಲೆ ಕಲಿಸುವವರು. ಅವರಿಗೆ ಪ್ರತಿ ತಿಂಗಳೂ ಸಂಬಳ ಕೊಡಬೇಕು. ಶಾಲೆ ನಡೆಸುವ ಸಂಘದ ಕಾರ್ಯದರ್ಶಿ ನಿವೃತ್ತ ಮೇಷ್ಟ್ರು. ಅವರು ಟ್ರಸ್ಟಿನ ಮ್ಯಾನೇಜರ್ ಹತ್ತಿರ ಹೋದರು.

‘ಸಾರ್, ಈ ಸಲ ಬೀರು ಬೇಡ. ಟೀಚರಮ್ಮನಿಗೆ ಮೂರು ತಿಂಗಳಿಂದ ಸಂಬಳ ಕೊಟ್ಟಿಲ್ಲ. ಅದೇ ದುಡ್ಡನ್ನ ಸಂಬಳಕ್ಕೆ ಕೊಟ್ರೆ...’

‘ಮೇಷ್ಟ್ರೇ, ನೀವು ಹೇಳೋದು ನೂರಕ್ಕೆ ನೂರು ಸರಿ. ಆದ್ರೆ ಸಂಬಳದ ಮೇಲೆ ಹೆಸರು ಬರೆಸೋಕಾಗಲ್ಲ ನೋಡಿ.’

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತ ಗಾದೆ. ಇಲ್ಲಿ ಪೂಜಾರಿ ಪಾಪ ಕೊಡಲು ರೆಡಿ, ಪೇಂಟರ್ ಒಪ್ಪಬೇಕು.

ಹೆಸರಿನ ಆಸೆ ಇವತ್ತಿನದಲ್ಲ, ಒಪ್ಪೋಣ. ಹಳೇ ದತ್ತಿ ಶಾಸನಗಳಲ್ಲೂ ಕೊಟ್ಟವನ ಹೆಸರು, ಅವನ ಬಿರುದು, ಅವನ ಒಡೆಯನ ಬಿರುದು, ಎಲ್ಲ ಮುಗಿದ ಮೇಲೇ ದಾನದ ವಿಷಯ ಬರುತ್ತದೆ. ಆದರೆ ಕಲಬುರಗಿ ಜಿಲ್ಲೆಯ ನಾಗಾವಿಗೆ ಹೋಗಿ ನೋಡಿ. ಚಿತ್ತಾಪುರದ ಹತ್ತಿರ. ಅಲ್ಲಿಯ ಘಟಿಕಾಸ್ಥಾನಕ್ಕೆ, ಅಂದರೆ ಆ ಕಾಲದ ವಿದ್ಯಾಕೇಂದ್ರಕ್ಕೆ, ಚಾಲುಕ್ಯರ ದಂಡನಾಯಕ ಮಧುಸೂದನ ದತ್ತಿ ಬಿಟ್ಟಿದ್ದು 1058ರಲ್ಲಿ. ವೇದ ಓದುವ 200 ಹುಡುಗರು, ಶಾಸ್ತ್ರ ಓದುವ 52 ಹುಡುಗರು. ಇವರಿಗೆ ಪಾಠ ಹೇಳುವವರಿಗೆ ಭೂಮಿ. ಪುಸ್ತಕ ನೋಡಿಕೊಳ್ಳುವ ಆರು ಮಂದಿ ಸರಸ್ವತೀ ಭಂಡಾರಿಗಳಿಗೂ ಭೂಮಿ. ಅಂದರೆ ಲೈಬ್ರರಿಯನ್‌ಗಳಿಗೂ ಸಂಬಳದ ವ್ಯವಸ್ಥೆ! ನಮ್ಮ ಟ್ರಸ್ಟ್ ಆಗಿದ್ದರೆ ಓಲೆಗರಿ ಇಡಲು ಒಂದು ಬೀರು ಕೊಟ್ಟು ಕೈ ತೊಳೆದುಕೊಳ್ಳುತ್ತಿತ್ತು.

ಕೊಟ್ಟದ್ದು ಸರಿಯಾಗಿ ಬಳಕೆಯಾಯಿತು ಅನ್ನುವುದಕ್ಕೆ ಆ ಕಾಲದ ಯುಟಿಲೈಸೇಷನ್ ಸರ್ಟಿಫಿಕೇಟ್ ಕೂಡ ಚೊಕ್ಕವಾಗಿತ್ತು. ಶಾಸನದ ಕೊನೆಗೆ ಸಾಮಾನ್ಯವಾಗಿ ಒಂದು ಶಾಪದ ಶ್ಲೋಕ. ತಾನು ಕೊಟ್ಟದ್ದಾಗಲಿ, ಬೇರೆಯವರು ಕೊಟ್ಟದ್ದಾಗಲಿ, ದತ್ತಿ ಭೂಮಿಯನ್ನು ಕಸಿದವನು 60,000 ವರ್ಷ ಅಮೇಧ್ಯದಲ್ಲಿ ಹುಳವಾಗಿ ಹುಟ್ಟುತ್ತಾನೆ. ಮುಗೀತು. ಆಡಿಟರ್ ಇಲ್ಲ, ಮೂರು ಪ್ರತಿ ಇಲ್ಲ, ಜಿಪಿಎಸ್ ಫೋಟೊ ಇಲ್ಲ. ಈಗ ಐದಂಕಿ ಸಹಾಯಧನಕ್ಕೆ ಮೇಷ್ಟ್ರು ಕೊಡಬೇಕಾದ ಕಾಗದ ಎಷ್ಟೆಂದರೆ, ಅದನ್ನಿಡಲು ನಿಜವಾಗಿಯೂ ಒಂದು ಬೀರು ಬೇಕು. ಟ್ರಸ್ಟಿನವರಿಗೆ ದೂರದೃಷ್ಟಿ ಇಲ್ಲ ಅಂತ ಯಾರು ಹೇಳಿದ್ದು?

ಸರ್ಕಾರವೂ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ನಮ್ಮ ಹಿರಿಯರು ಗುಪ್ತದಾನ ಶ್ರೇಷ್ಠ ಅಂದರು. 2006ರಲ್ಲಿ ಆದಾಯ ತೆರಿಗೆ ಕಾಯ್ದೆಗೆ 115ಬಿಬಿಸಿ ಅಂತ ಒಂದು ಸೆಕ್ಷನ್ ಸೇರಿತು. ಯಾರು ಕೊಟ್ಟರೆಂದು ದಾಖಲೆ ಇಲ್ಲದ ದಾನ ಒಂದು ಮಿತಿ ದಾಟಿದರೆ ಶೇ. 30 ತೆರಿಗೆ. ಪೂರ್ತಿ ಧಾರ್ಮಿಕ ಸಂಸ್ಥೆಗೆ ವಿನಾಯಿತಿ. ಅಂದರೆ ದೇವರ ಹುಂಡಿಗೆ ನೀವು ಕಣ್ಣು ಮುಚ್ಚಿಕೊಂಡು ಹಾಕಬಹುದು. ಅದೇ ನೋಟನ್ನು ಅನಾಥಾಲಯದ ಡಬ್ಬಿಗೆ ಹಾಕಿದಿರೋ, ಹೆಸರು ಹೇಳಿ, ವಿಳಾಸ ಹೇಳಿ. ಕಪ್ಪುಹಣ ಬಿಳಿ ಮಾಡುವವರನ್ನು ಹಿಡಿಯಲು ಮಾಡಿದ್ದು, ಕಾರಣ ಇದೆ, ಇಲ್ಲ ಅನ್ನುತ್ತಿಲ್ಲ. ಆದರೂ ದೇವರನ್ನು ನಂಬಿ ಅನಾಥ ಮಕ್ಕಳನ್ನು ಅನುಮಾನಿಸುವ ಕಾನೂನು ನಮ್ಮದು.

2023ರ ಬಜೆಟ್ ಇದಕ್ಕೆ ಒಗ್ಗರಣೆ ಹಾಕಿತು. ತೆರಿಗೆ ವಿನಾಯಿತಿ ಬೇಕಿರುವ ಟ್ರಸ್ಟ್ ತನ್ನ ಆದಾಯದಲ್ಲಿ ಶೇ. 85 ಖರ್ಚು ಮಾಡಬೇಕು, 15 ಉಳಿಸಿಕೊಳ್ಳಬಹುದು. ಇದು ಹಳೇ ನಿಯಮ. ಕೆಲವು ಬುದ್ಧಿವಂತರು ಒಂದು ಟ್ರಸ್ಟಿನಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ದಾನ ದಾಟಿಸುತ್ತಾ, ಪ್ರತಿ ಮೆಟ್ಟಿಲಲ್ಲೂ 15 ಉಳಿಸಿಕೊಳ್ಳುತ್ತಿದ್ದರು. ಅದನ್ನು ತಡೆಯಲು ಸರ್ಕಾರ ಹೇಳಿದ್ದು ಇಷ್ಟು: ಇನ್ನು ಮುಂದೆ ಒಂದು ನೋಂದಾಯಿತ ಟ್ರಸ್ಟ್ ಮತ್ತೊಂದಕ್ಕೆ 100 ರೂಪಾಯಿ ದಾನ ಕೊಟ್ಟರೆ ಖರ್ಚಿನ ಲೆಕ್ಕಕ್ಕೆ 85 ಮಾತ್ರ. ತಾನೇ ಹೊಲಿಗೆ ಯಂತ್ರ ಕೊಂಡು, ತಾನೇ ಜನರಿಗೆ ಹಂಚಿದರೆ 100ಕ್ಕೆ 100.

ಮ್ಯಾನೇಜರ್ ಮುಖ ಅರಳಿತು. ‘ನೋಡಿ ಮೇಷ್ಟ್ರೇ, ಈಗ ದೆಹಲಿಯವರೂ ಹೊಲಿಗೆ ಯಂತ್ರವೇ ಕೊಡಿ ಅಂತಿದಾರೆ.’

ಹೀಗಾಗಿ ಹೊಲಿಗೆ ಯಂತ್ರ. ಪ್ರತಿ ವರ್ಷ, ತಪ್ಪದೆ. ನಮ್ಮ ತಾಲೂಕಿನಲ್ಲಿ ಹಂಚಿರುವ ಯಂತ್ರಗಳೆಲ್ಲ ಒಂದೇ ದಿನ ಓಡಿದರೆ ಸಾಕು, ವಿಧಾನಸೌಧಕ್ಕೇ ಪರದೆ ಹೊಲಿದುಬಿಡಬಹುದು. ಓಡುವುದಿಲ್ಲ. ಸೂಜಿ, ದಾರ, ಬಟ್ಟೆ, ಕಲಿಸುವವರು, ಇವು ಯಾವುದಕ್ಕೂ ದಾನ ಇಲ್ಲ.

ವಿದೇಶದ ದತ್ತಿ ಸಂಸ್ಥೆಗಳಿಂದ ಹಣ ತರಿಸುವ ಸಂಘಗಳ ಪಾಡು ಇನ್ನೊಂದು. 2020ರಲ್ಲಿ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ತಿದ್ದುಪಡಿಯಾದ ಮೇಲೆ, ಬಿಳಿಗಿರಿರಂಗನ ಬೆಟ್ಟದ ಹಾಡಿಯಲ್ಲಿ ಕೆಲಸ ಮಾಡುವ ಸಂಘವಾದರೂ ಹಣ ಮೊದಲು ಇಳಿಯಬೇಕಾದದ್ದು ದೆಹಲಿಯ ಸಂಸದ್ ಮಾರ್ಗದ ಎಸ್‌ಬಿಐ ಶಾಖೆಯಲ್ಲಿ. ಬಂದದ್ದರಲ್ಲಿ ಪಕ್ಕದ ಸಂಘಕ್ಕೆ ಒಂದು ರೂಪಾಯಿ ದಾಟಿಸುವಂತಿಲ್ಲ. ಆಡಳಿತ ವೆಚ್ಚದ ಮಿತಿ ಶೇ. 50ರಿಂದ 20ಕ್ಕೆ ಇಳಿದಿದೆ. ಇದು ಬೇರೆಯೇ ಪುರಾಣ, ಇನ್ನೊಮ್ಮೆ ನೋಡೋಣ.

ವಿತರಣಾ ಸಮಾರಂಭಕ್ಕೆ ಬರೋಣ. ಹತ್ತೂವರೆಗೆ ಕಾರ್ಯಕ್ರಮ ಅಂತ ಆಮಂತ್ರಣ ಪತ್ರಿಕೆ. ಪ್ರಾರ್ಥನೆಗೆ ವಿಶೇಷ ಮಕ್ಕಳೇ ಬೇಕು. ಹಾಗಾಗಿ ಒಂಬತ್ತಕ್ಕೇ ಅವರನ್ನು ವ್ಯಾನಿನಲ್ಲಿ ತಂದು ಕೂರಿಸಿದ್ದಾರೆ, ವ್ಯಾನ್ ಬಾಡಿಗೆ ಶಾಲೆಯದು. ಮುಖ್ಯ ಅತಿಥಿಗಳು ಬಂದದ್ದು ಹನ್ನೆರಡೂಕಾಲಿಗೆ. ವೇದಿಕೆ ಮೇಲೆ ಹದಿನೇಳು ಜನ. ಪ್ರತಿಯೊಬ್ಬರಿಗೂ ಮೈಸೂರು ಪೇಟ, ಶಾಲು, ಏಲಕ್ಕಿ ಹಾರ, ಹಣ್ಣಿನ ಬುಟ್ಟಿ, ಜೊತೆಗೆ ಸ್ಮರಣಿಕೆ ಅಂತ ಗಾಜಿನ ಪೆಟ್ಟಿಗೆಯಲ್ಲಿ ಒಂದು ತೇರು. ಸ್ವಾಗತ ಭಾಷಣ, ಪ್ರಾಸ್ತಾವಿಕ ಭಾಷಣ, ದಾನದ ಮಹತ್ವದ ಬಗ್ಗೆ ಭಾಷಣ, ಪ್ರಚಾರವಿಲ್ಲದೆ ಸೇವೆ ಮಾಡುವುದರ ಬಗ್ಗೆ ಇನ್ನೊಂದು ಭಾಷಣ. ಇದನ್ನು ಎರಡು ಕ್ಯಾಮೆರಾ, ಒಂದು ಡ್ರೋನ್ ಚಿತ್ರೀಕರಿಸುತ್ತಿದ್ದವು.

ಆಮೇಲೆ ಚೆಕ್. ಬಾಗಿಲಿನಷ್ಟು ದೊಡ್ಡದು, ಫ್ಲೆಕ್ಸಿನದು. ಹಿಡಿದುಕೊಳ್ಳಲು ಹದಿನೇಳೂ ಜನ ಕೈ ಹಾಕಿದರು. ಮೇಷ್ಟ್ರು ಅದರ ಹಿಂದೆ ಎಲ್ಲೋ ಇದ್ದರು. ಮರುದಿನದ ಪೇಪರ್ ಫೋಟೊದಲ್ಲಿ ಅವರ ಬೋಳುತಲೆಯ ತುದಿ ಕಾಣುತ್ತದೆ, ಚಿತ್ರದ ಕೆಳಗೆ ‘ಹಾಗೂ ಇತರರು’. ಅಸಲಿ ಚೆಕ್ ಕೇಳಿದಾಗ, ‘ಎರಡನೇ ಸಹಿ ಆಗಿಲ್ಲ, ಟ್ರಸ್ಟಿಯವರು ಚಾರ್‌ಧಾಮ್‌ಗೆ ಹೋಗಿದಾರೆ, ಮುಂದಿನ ತಿಂಗಳು ಆಫೀಸಿಗೆ ಬನ್ನಿ’ ಅಂದರು. ಫ್ಲೆಕ್ಸ್ ಚೆಕ್ ಮಾತ್ರ ಇವತ್ತೇ ತಗೊಂಡು ಹೋಗಬಹುದಂತೆ. ಮೇಷ್ಟ್ರು ತಗೊಂಡರು. ಅಡುಗೆಮನೆಯ ಸೂರು ಸೋರುತ್ತಿತ್ತು, ಅದಕ್ಕೆ ಸರಿಯಾಗಿ ಹೊಂದಿತು. ಇಷ್ಟು ವರ್ಷದಲ್ಲಿ ಟ್ರಸ್ಟಿನಿಂದ ನೇರವಾಗಿ ಉಪಯೋಗಕ್ಕೆ ಬಂದದ್ದು ಅದೇ ಇರಬೇಕು.

ಈ ವರ್ಷ ಮೇಷ್ಟ್ರು ತಲೆ ಓಡಿಸಿದರು. ಸಂಬಳದ ಮೇಲೆ ಹೆಸರು ಬರೆಸೋಕಾಗಲ್ಲ, ಸರಿ. ಸಂಬಳ ತಗೊಳ್ಳುವವರ ಮೇಲೆ ಬರೆಸಬಹುದಲ್ವಾ? ಟೀಚರಮ್ಮ ಒಪ್ಪಿದರು, ಆರು ತಿಂಗಳ ಬಾಕಿ ಇದ್ದವರು ಏನಕ್ಕಾದರೂ ಒಪ್ಪುತ್ತಾರೆ. ಅರ್ಜಿಯಲ್ಲಿ ಹೀಗೆ ಬರೆದರು: ‘ಶಿಕ್ಷಕಿಯವರು ಶಾಲಾ ವೇಳೆಯಲ್ಲಿ ತಮ್ಮ ಟ್ರಸ್ಟಿನ ಹೆಸರು ಹಾಗೂ ಲಾಂಛನ ಇರುವ ಏಪ್ರನ್ ಧರಿಸತಕ್ಕದ್ದು. ಅವರ ಒಂದು ವರ್ಷದ ವೇತನವನ್ನು ತಾವು ಭರಿಸಬೇಕಾಗಿ ಪ್ರಾರ್ಥನೆ.’ ಜೊತೆಗೆ ಬಣ್ಣದಲ್ಲಿ ಮಾದರಿ ಚಿತ್ರ, ಮುಂದೆ ಲಾಂಛನ, ಬೆನ್ನಿಗೆ ಸಂಸ್ಥಾಪಕರ ಫೋಟೊ.

ಆಡಳಿತ ಮಂಡಳಿಗೆ ಭಾರಿ ಖುಷಿಯಾಯಿತಂತೆ. ಹೋದ ವಾರ ಪತ್ರ ಬಂದಿದೆ. ಏಪ್ರನ್ ಮಂಜೂರಾಗಿದೆ, ಹನ್ನೆರಡು. ಟ್ರಸ್ಟೇ ಹಂಚಿದ ಹೊಲಿಗೆ ಯಂತ್ರದಲ್ಲಿ ಹೊಲಿಸಬೇಕೆಂಬ ಷರತ್ತು. ವೇತನದ ವಿಷಯವನ್ನು ಮುಂದಿನ ಸಭೆಗೆ ಇಡಲಾಗಿದೆ.