ಅಮ್ಮನ ಮಾತ್ರೆ ಡಬ್ಬಿ

"ವಯಸ್ಸಾಯ್ತಲ್ಲಮ್ಮ, ನೋವು ಇದ್ದದ್ದೇ." ಈ ಮಾತನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಕೇಳಿ ಕೇಳಿ ಅಮ್ಮ ಮಂಡಿನೋವಿನ ಸುದ್ದಿ ಎತ್ತುವುದನ್ನೇ ಬಿಟ್ಟಿದ್ದಳು. ಕಡಿಮೆಯಾಗಿರಬೇಕು ಅಂತ ನಾವು ನಿಶ್ಚಿಂತೆಯಾಗಿದ್ದೆವು.

ಒಂದು ದಿನ ಅವಳ ಮಾತ್ರೆ ಡಬ್ಬಿ ತೆಗೆದೆ. ಬಿ.ಪಿ. ಮಾತ್ರೆ, ಕಾಲಿನ ಊತಕ್ಕೆ ಕೊಟ್ಟಿದ್ದ, ಮೂತ್ರ ಹೆಚ್ಚಿಸುವ ನೀರಿನ ಮಾತ್ರೆ, ಅವುಗಳ ಅಡಿಯಲ್ಲಿ ಕತ್ತರಿಸಿದ ಸ್ಟ್ರಿಪ್‌ನ ತುಂಡುಗಳು. ಅರ್ಧ ಹೆಸರು ಕತ್ತರಿಗೆ ಹೋಗಿತ್ತು. ಬೆಳಕಿಗೆ ಹಿಡಿದು ಓದಿದೆ: ಡೈಕ್ಲೋಫೆನಾಕ್, ನೋವಿನ ಮಾತ್ರೆ. ದಿನಕ್ಕೆ ಒಂದು, ತಡೆಯದಿದ್ದರೆ ಎರಡು, ತಿಂಗಳುಗಟ್ಟಲೆ! "ನಿಮಗ್ಯಾಕೆ ತೊಂದರೆ ಅಂತ ಹೇಳಲಿಲ್ಲ ಕಣೋ" ಅಂದಳು. ಎದೆ ಹಿಂಡಿದ ಹಾಗಾಯಿತು.

ದೇಹದಲ್ಲಿ ನೋವು, ಊತ ತರುವ ಪ್ರೊಸ್ಟಾಗ್ಲ್ಯಾಂಡಿನ್ ಎಂಬ ವಸ್ತುವೇ ಹೊಟ್ಟೆಯ ಒಳಪದರವನ್ನು ಕಾಯುತ್ತದೆ, ಕಿಡ್ನಿಗೆ ರಕ್ತ ಹರಿಯುವಂತೆ ನೋಡಿಕೊಳ್ಳುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಅದನ್ನೇ ತಡೆಯುತ್ತವೆ. ವಯಸ್ಸಿನಲ್ಲಿ ಕಿಡ್ನಿಯ ಶಕ್ತಿ ಮೊದಲೇ ಕುಗ್ಗಿರುತ್ತದೆ, ಕೆಲವು ಬಿ.ಪಿ. ಮಾತ್ರೆ, ನೀರಿನ ಮಾತ್ರೆಯ ಜೊತೆ ಇವೂ ಸೇರಿದರೆ ಕಿಡ್ನಿ ಏಕಾಏಕಿ ಸೋಲಬಹುದು. ಹೊಟ್ಟೆಯ ಹುಣ್ಣು ಒಂದಿಷ್ಟೂ ನೋಯದೆ ರಕ್ತ ಸುರಿಸಬಹುದು. ಮಲ ಕಪ್ಪಗೆ ಹೋದರೆ ಅದು ಆ ರಕ್ತವೇ ಇರಬಹುದು, ಡಾಕ್ಟರ ಹತ್ತಿರ ಹೋಗಲು ತಡಮಾಡಬೇಡಿ.

ಹಾಗಂತ "ಮಾತ್ರೆಯೇ ಬೇಡ, ಸಹಿಸ್ಕೊ" ಅನ್ನುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ನೋವಿಗೆ ಹೆದರಿ ನಡೆಯುವುದು ನಿಂತರೆ ತೊಡೆಯ ಸ್ನಾಯು ಸೊರಗುತ್ತದೆ, ಆಮೇಲೆ ಬೀಳುವುದು. ನಿದ್ದೆಯಿಲ್ಲ, ಮನಸ್ಸು ಕುಗ್ಗುತ್ತದೆ. ನೋವಿಗೆ ಔಷಧಿ ಬೇಕು, ಆ ವಯಸ್ಸಿಗೆ ಹೊಂದುವ ಔಷಧಿ ಬೇಕು.

ಡಾಕ್ಟರು ಇಡೀ ಡಬ್ಬಿಯನ್ನು ಮೇಜಿನ ಮೇಲೆ ಸುರಿಸಿಕೊಂಡು ಒಂದೊಂದೇ ನೋಡಿದರು. ಡೈಕ್ಲೋಫೆನಾಕ್ ಮಾತ್ರೆ ನಿಲ್ಲಿಸಿ ಮಂಡಿಗೆ ಅದರದೇ ಜೆಲ್ ಕೊಟ್ಟರು. ಹಚ್ಚಿದ್ದು ರಕ್ತಕ್ಕೆ ಸೇರುವುದು ತೀರಾ ಕಡಿಮೆಯಂತೆ. ಜೊತೆಗೆ ತೊಡೆಗೆ ವ್ಯಾಯಾಮ, ಕಿಡ್ನಿ ಹೇಗಿದೆ ಅಂತ ನೋಡಲು ಕ್ರಿಯೇಟಿನಿನ್ ರಕ್ತಪರೀಕ್ಷೆ. ಬೇಕಾದಾಗ ಪ್ಯಾರಸಿಟಮಾಲ್. ಆರೋಗ್ಯವಂತ ವಯಸ್ಕರಿಗೇ ದಿನಕ್ಕೆ 4 ಗ್ರಾಂ ಮಿತಿ, ಸಣಕಲು ದೇಹದ ಹಿರಿಯರಿಗೆ ಇನ್ನೂ ಕಡಿಮೆ. ಶೀತದ ಮಾತ್ರೆಗಳಲ್ಲೂ ಅದು ಇರುತ್ತದೆ, ಆ ಲೆಕ್ಕವೂ ಸೇರಬೇಕು. ಇನ್ನೂ ಬಲವಾದ ನೋವಿನ ಮಾತ್ರೆ ಟ್ರಮಡಾಲ್ ಕೊಡಬಹುದಾ ಅಂತ ಕೇಳಿದೆ. ತಲೆಸುತ್ತು, ಮಲಬದ್ಧತೆ, ಗೊಂದಲ ಬರಬಹುದು, ಈಗಲೇ ಬೇಡ ಅಂದರು.

ನೋವು ಪೂರ್ತಿ ಹೋಗಿಲ್ಲ. ಆದರೆ ಈಗ ಬೆಳಿಗ್ಗೆ ಎದ್ದ ತಕ್ಷಣ "ಇವತ್ತು ಎಡಗಾಲು ಜಾಸ್ತಿ ಕಣೋ" ಅಂತ ಅಮ್ಮನೇ ಹೇಳುತ್ತಾಳೆ. ನಾನು ಜೆಲ್ ತಗೊಂಡು ಪಕ್ಕದಲ್ಲಿ ಕೂರುತ್ತೇನೆ.